ನೀರಿನ ಮೇಲೆ ಉಳಿದವನು

ಏಪ್ರಿಲ್ 9, ಮಂಗಳವಾರ

ಗಾಲ್ವೆಯ ಕಿವಿ ಡಾಕ್ಟರು ನನ್ನ ಎಡಗಿವಿಯೊಳಗೆ ಇಣುಕಿದರು, ಬಲಗಿವಿಯೊಳಗೆ ಇಣುಕಿದರು, ಮತ್ತೆ ಎಡಗಿವಿಗೇ ಬಂದರು. ಎರಡನೇ ಸಲ ಬಂದಾಗಲೇ ನನಗೆ ತಿಳಿದುಹೋಯಿತು. "ಇನ್ನು ಗಾಳಿ ಸಿಲಿಂಡರ್ ಕಟ್ಕೊಂಡು ಮುಳುಗೋದು ಬೇಡ. ಯಾವತ್ತೂ ಬೇಡ," ಎಂದರು. ಮೇಲೆ ತೇಲಬಹುದಂತೆ. ಮುಖ ನೀರಿಗಿಟ್ಟು ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗಿರುವುದನ್ನು ನೋಡಬಹುದಂತೆ. ಒಂದಾಳುದ್ದ ಕೆಳಗೆ ಹೋದರೂ ಕಿವಿ ಪೂರ್ತಿ ಹೋಗುತ್ತದಂತೆ. ನೆಗಡಿ ಇದ್ದಾಗ ಮುಳುಗಬಾರದು ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಮಾರ್ಚ್‌ನಲ್ಲಿ ನೆಗಡಿ ಇಟ್ಟುಕೊಂಡು ಮುಳುಗಿದವನೂ ನಾನೇ.

ಹೊರಗೆ ಕಾರಿನಲ್ಲಿ, ನನ್ನ ಜೊತೆ ಮುಳುಗುವ ಫಿಂಟನ್ ಕಾಯುತ್ತಿದ್ದ. ಮಂಗಳವಾರ ಅವನ ಮಾಂಸದಂಗಡಿಗೆ ಕುರಿ ಬರುವ ದಿನ. ನನಗಾಗಿ ಅಂಗಡಿ ಮುಚ್ಚಿ ಬಂದಿದ್ದ. ಹೇಳಿದೆ. ಅವನು ಕಾರನ್ನು ಒರಾನ್‌ಮೋರ್ ಊರು ದಾಟಿಸಿದ. ಆಮೇಲೆ, "ದಡದಲ್ಲಿ ಕೂರೋಕೂ ಒಬ್ರು ಬೇಕಲ್ಲ ಕಣೋ," ಎಂದ.

ನಮ್ಮ ಪೋರ್ಟ್‌ಕಾರಿಗ್‌ನಲ್ಲಿ ದಡದಲ್ಲಿ ಕೂರುವವರೆಂದರೆ ಮಂಡಿ ಸವೆದವರು, ಎದೆ ಕೆಟ್ಟವರು, ಚಹಾದ ಫ್ಲಾಸ್ಕ್ ಕಾಯುತ್ತಾ ನೀರಿನಿಂದ ಏಳುವ ತಲೆ ಎಣಿಸುವವರು. ಸಮಾಧಾನಕ್ಕೇ ಹೇಳಿದ, ಗೊತ್ತು. ಆದರೂ ಕಿವಿಗಿಂತ ಆ ಮಾತೇ ಹೆಚ್ಚು ನೋಯುತ್ತಿದೆ.

ಏಪ್ರಿಲ್ 21, ಭಾನುವಾರ

ಇವತ್ತು ದಡಕ್ಕೆ ಹೋಗಬಾರದಿತ್ತು. ಕಾಲು ತಾನಾಗಿ ಎಳೆದುಕೊಂಡು ಹೋಯಿತು.

ದೋಣಿಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಫಿಂಟನ್ – ಸೆನನ್. ನಮ್ಮಲ್ಲಿ ಯಾರೂ ಒಬ್ಬರೇ ಮುಳುಗುವಂತಿಲ್ಲ. ಇಳಿಯುವ ಮುಂಚೆ ಇಬ್ಬರ ಹೆಸರು, ಪಕ್ಕದಲ್ಲಿ ನೀರಿಗಿಳಿಯುವ ಸಮಯ. ಮೇಲೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಒದ್ದೆ ತೋಳಿನಿಂದ ಒರೆಸಬೇಕು. ಒಂಟಿ ಹೆಸರು ಬರೆದರೆ ಯಾರಾದರೂ ಬಂದು ಅಳಿಸಿಹಾಕುತ್ತಾರೆ. ಆ ಬಾಗಿಲ ಎಡಗಡೆಯ ಮೂಲೆ ಇಪ್ಪತ್ತೆರಡು ವರ್ಷದಿಂದ ನಮ್ಮದು. ಕೋಲ್ಮನ್ – ಫಿಂಟನ್. ಇವತ್ತು ಅದೇ ಮೂಲೆಯಲ್ಲಿ ಆ ಹೆಸರು.

ಫೆಬ್ರವರಿಯಲ್ಲಿ ಊರಿಗೆ ಬಂದ ದನದ ಡಾಕ್ಟರು ಈ ಸೆನನ್. ನಲವತ್ತಿರಬೇಕು. ತಲೆತುಂಬ ಕೂದಲು, ಮುಳುಗಲು ಹೊಸ ರಬ್ಬರ್ ಸೂಟು, ಹಲ್ಲೆಲ್ಲ ಸರಿಯಾಗಿವೆ. ನೀರಿನಿಂದ ಎದ್ದು ನೇರ ನನ್ನ ಬಳಿ ಬಂದು ಕೈ ಕುಲುಕಿದ.

"ನಿಮ್ಮ ಬಗ್ಗೆ ಫಿಂಟನ್ ಬಹಳ ಹೇಳ್ತಾರೆ."

"ಒಳ್ಳೇದು," ಎಂದೆ.

"ನೀವೂ ಒಂದಿನ ಜೊತೆಗೆ ಬನ್ನಿ."

ಯಾವುದಕ್ಕೆ ಬರಬೇಕು, ಇವರ ಬಟ್ಟೆ ಕಾಯೋದಕ್ಕಾ ಎಂದು ಕೇಳಬೇಕೆನಿಸಿತು. ಕೇಳದೆ ಮನೆಗೆ ಬಂದೆ.

ಊಟದ ಹೊತ್ತಿಗೆ ಅಸಂಪ್ಟಾ ನನ್ನ ಮುಖ ನೋಡಿ ಆಲೂಗಡ್ಡೆ ಬಡಿಸುವುದನ್ನೇ ನಿಲ್ಲಿಸಿದಳು. "ಹೆಂಡ್ತಿ ಓಡಿಹೋದೋನ ಹಾಗೆ ಕೂತಿದೀಯಲ್ಲ. ನಾನಿನ್ನೂ ಇಲ್ಲೇ ಇದೀನಿ ಮಾರಾಯ."

ವಿಷಯ ಹೇಳಿದೆ. ಅವಳು ನಕ್ಕಳು. "ಒಬ್ಬ ದನ ಬದುಕಿಸೋನು, ಇನ್ನೊಬ್ಬ ಕಡಿಯೋನು. ಒಳ್ಳೇ ಜೋಡಿ ಬಿಡು."

ನನಗೆ ನಗು ಬರಲಿಲ್ಲ.

ಏಪ್ರಿಲ್ 22

ಹೊಟ್ಟೆಕಿಚ್ಚು ಎಂದು ಬರೆದೇಬಿಡುತ್ತೇನೆ. ಇದನ್ನು ನಾನಲ್ಲದೆ ಬೇರೆ ಯಾರೂ ಓದುವುದಿಲ್ಲ. ಅರವತ್ಮೂರು ವರ್ಷಕ್ಕೆ, ಶಾಲೆ ಬಸ್ಸಿನ ಮೂವತ್ತು ವರ್ಷದ ಚಾಕರಿ ಮುಗಿಸಿದ ಮೇಲೆ, ಒಬ್ಬ ಕಟುಕನ ಮೇಲೆ ಹೊಟ್ಟೆಕಿಚ್ಚು. ಕಟುಕನ ಮೇಲಲ್ಲ, ಅವನ ಜೊತೆಗಿರುವವನ ಮೇಲೆ. ಇಲ್ಲ, ಇಬ್ಬರ ಮೇಲೂ.

ಮೇ 5, ಭಾನುವಾರ

ಅಟ್ಟದಿಂದ ಹಳೆಯ ಸ್ನಾರ್ಕೆಲ್ ತೆಗೆದೆ. ರಬ್ಬರು ಗಟ್ಟಿಯಾಗಿತ್ತು, ಅಡುಗೆಮನೆಯ ಎಣ್ಣೆ ಸವರಿದೆ. ಮಾಸ್ಕಿಗೆಲ್ಲ ಕರಿದ ಮೀನಿನ ವಾಸನೆ.

ತೇಲುವವರ ಹೆಸರನ್ನು ಬಾಗಿಲ ಮೇಲೆ ಬರೆಯುವ ರೂಢಿ ನಮ್ಮಲ್ಲಿಲ್ಲ. ತೇಲುವುದು ಮಕ್ಕಳ ಆಟ. ಹಾಗಾಗಿ ಯಾರಿಗೂ ಹೇಳದೆ, ಅವರಿಬ್ಬರೂ ಇಳಿದ ಸ್ವಲ್ಪ ಹೊತ್ತಿಗೆ ನಾನೂ ದೋಣಿ ಇಳಿಸುವ ಇಳಿಜಾರಿನ ಪಕ್ಕದಿಂದ ನೀರಿಗೆ ಬಿದ್ದೆ. ಕಡಲು ನೋಡಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಮೇಲೆ ಕಣ್ಣಿಡಲು ಹೋದೆ.

ನಮ್ಮ ಬಂಡೆಸಾಲು ಆಳವಿಲ್ಲ. ಎರಡಾಳು, ಹೆಚ್ಚೆಂದರೆ ಮೂರಾಳು. ನೀರು ತಿಳಿಯಾಗಿದ್ದರೆ ಮೇಲಿಂದ ಎಲ್ಲ ಕಾಣುತ್ತದೆ: ಕಂದು ಪಾಚಿಬಳ್ಳಿ ಒಟ್ಟಿಗೆ ಅತ್ತ ಬಾಗಿ ಒಟ್ಟಿಗೆ ಇತ್ತ ಬಾಗುವುದು, ಅದರ ನಡುವೆ ಇವರಿಬ್ಬರ ಕಪ್ಪು ಬೆನ್ನು. ಫಿಂಟನ್ ಬಿಟ್ಟ ಉಸಿರು ಗುಳ್ಳೆಯಾಗಿ ಏರಿ ಬಂದು ನನ್ನ ಎದೆಗೆ ಬಡಿದು ಒಡೆಯಿತು. ಅವನ ಗುಳ್ಳೆ ನನಗೆ ಗೊತ್ತು. ಗೊರಕೆ ಹೊಡೆಯುವವನ ಹಾಗೆ ಒಮ್ಮೆಗೇ ಬಹಳ ಬಿಟ್ಟು, ಆಮೇಲೆ ಮರೆತುಬಿಡುತ್ತಾನೆ. ದನದ ಡಾಕ್ಟರದ್ದು ಅಚ್ಚುಕಟ್ಟಾಗಿ ಸಣ್ಣ ಸಣ್ಣ ಗುಳ್ಳೆ. ಅದೂ ಸಹಿಸಲಾಗಲಿಲ್ಲ.

ಫಿಂಟನ್ ಏನೋ ಕಂಡು ಕೈ ಬೀಸಿ ಕರೆದ. ನನ್ನ ಕೈ ತಾನಾಗಿ ಎದ್ದಿತು. ಕರೆದದ್ದು ದನದ ಡಾಕ್ಟರನ್ನು.

ಮೇ 19, ಭಾನುವಾರ

ಬಿಷಪ್ಪನನ್ನು ತೋರಿಸಿಬಿಟ್ಟ.

ಮೂರನೇ ಬಂಡೆಯ ಕೆಳಗಿನ ಬಿಲದಲ್ಲಿರುವ ದೊಡ್ಡ ಹಾವುಮೀನು ಅದು, ನನ್ನ ತೊಡೆಯಷ್ಟು ದಪ್ಪ. ನಮ್ಮ ಚರ್ಚಿಗೆ ಬರುವ ಬಿಷಪ್ಪನ ಹಾಗೆ ವರ್ಷಕ್ಕೊಮ್ಮೆ ಮುಖ ತೋರಿಸಿ ಒಳಗೆ ಹೋಗುತ್ತದೆ ಎಂದು ಆ ಹೆಸರಿಟ್ಟೆವು. ಇಲ್ಲಿ ಒಂದು ಜೋಡಿ ಹುಡುಕಿದ ಬಿಲ ಆ ಜೋಡಿಯದ್ದು. ಮೂರನೆಯವರಿಗೆ ತೋರಿಸಬೇಕಾದರೆ ಇಬ್ಬರೂ ಒಪ್ಪಬೇಕು. ಅಣ್ಣತಮ್ಮಂದಿರು ಇದೇ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು. ನಾನು ಅಸಂಪ್ಟಾಗೂ ಆ ಜಾಗ ಹೇಳಿಲ್ಲ, ಅವಳು ಕೇಳಿಲ್ಲ ಅನ್ನುವುದು ಬೇರೆ ಮಾತು.

ಮೇಲಿಂದ ಎಲ್ಲ ನೋಡಿದೆ. ಫಿಂಟನ್ ಮೊಣಕಾಲೂರಿ ಪಾಚಿ ಸರಿಸಿದ. ದೀಪ ಬಿಟ್ಟ. ಪಕ್ಕಕ್ಕೆ ಸರಿದು ದನದ ಡಾಕ್ಟರಿಗೆ ಜಾಗ ಮಾಡಿಕೊಟ್ಟ. ಸ್ನಾರ್ಕೆಲಿನೊಳಗೆ ನಾನು ಏನೋ ಕೂಗಿದೆ. ನೀರಿನ ಮೇಲಿನ ಕೂಗು ಕೆಳಗಿದ್ದವರಿಗೆ ಎಲ್ಲಿ ಕೇಳಬೇಕು, ಉಪ್ಪುನೀರು ಕುಡಿದದ್ದಷ್ಟೇ ಬಂತು.

ಮೇ 20, ಸೋಮವಾರ

ಅಂಗಡಿಗೆ ಹೋದೆ. ಮೂರು ಜನ ಹೆಂಗಸರು ಮುಂದೆ ನಿಂತಿದ್ದರು. ನಾನು ಕಾಯಲಿಲ್ಲ.

"ತೋರಿಸಿದೆ ಅಲ್ವಾ," ಎಂದೆ.

ಫಿಂಟನ್ ಕತ್ತಿ ಕೆಳಗಿಟ್ಟ. "ಅದೊಂದು ಮೀನು ಕಣೋ."

"ನಮ್ಮ ಮೀನು."

"ನೀನು ಇನ್ನು ಕೆಳಗೆ ಹೋಗೋ ಹಾಗಿಲ್ಲ. ಇನ್ಯಾರಿಗೆ ತೋರಿಸ್ಲಿ?"

"ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ."

"ಮತ್ತೆ?"

ಹೆಂಗಸರು ಕುರಿಯ ತೊಡೆಯನ್ನೇ ದೃಷ್ಟಿಸಿ ನೋಡುತ್ತಿದ್ದರು. ಬರಿಗೈಯಲ್ಲಿ ಹೊರಡಲು ಮನಸ್ಸಾಗದೆ ಅರ್ಧ ಕಿಲೋ ಸಾಸೇಜ್ ಕೇಳಿದೆ. ಯಾವುದು ಎಂದ. ಯಾವುದಾದರೂ ಎಂದೆ. ಮನೆಗೆ ಬಂದು ಬಿಚ್ಚಿದರೆ ಒಳ್ಳೆಯದನ್ನೇ ಹಾಕಿದ್ದ, ಮೇಲೆ ಹಂದಿಯ ರಕ್ತದಲ್ಲಿ ಮಾಡುವ ಕಪ್ಪು ಪುಡಿಂಗ್ ಒಂದು ತುಂಡು ಬೇರೆ. ಸಿಟ್ಟಿನಲ್ಲೇ ಪೂರ್ತಿ ತಿಂದೆ.

ಜೂನ್ 8, ಶನಿವಾರ

ನಮ್ಮ ನಾಯಿ ಪೆಗ್ ದಡದಲ್ಲಿ ಬಿದ್ದಿದ್ದ ಮೀನಿನ ಗಾಳ ನುಂಗಿತು. ಊರಲ್ಲಿರುವವನು ಒಬ್ಬನೇ ದನದ ಡಾಕ್ಟರು, ಬೇರೆ ದಾರಿ ಇರಲಿಲ್ಲ. ಅಸಂಪ್ಟಾ ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಬಂದ. ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಅದರ ಬಾಯಿಗೆ ಕೈ ಹಾಕಿದ. ಈ ನಾಯಿ ನನ್ನನ್ನೇ ಎರಡು ಸಲ ಕಚ್ಚಿದೆ. ಅವನನ್ನು ಕಚ್ಚಲಿಲ್ಲ. ಗಾಳ ಹೊರಗೆ ಬಂದ ಮೇಲೆ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು.

"ಎಷ್ಟು ಮೆತ್ತಗಿನ ಕೈ," ಎಂದಳು ಅಸಂಪ್ಟಾ, ಅವನು ಹೋದ ಮೇಲೆ.

"ಹಸು ಮುಟ್ಟೋ ಕೈ."

"ನಿಂದು ಬಸ್ಸಿನ ಗೇರು ಎಳೆದ ಕೈ."

ಫಿಂಟನ್ ಆಯಿತು, ಬಿಷಪ್ ಆಯಿತು, ಈಗ ನಾಯಿ. ಇನ್ನು ಉಳಿದಿರುವುದು ಇವಳೊಬ್ಬಳು.

ಜೂನ್ 17, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಬಂಡೆಸಾಲಿನ ಕೊನೆಗೆ, ಕೊಲ್ಲಿಯ ಬಾಯಲ್ಲಿ, ಹಂದಿಬಂಡೆ ಇದೆ. ಅದಕ್ಕೂ ದಡಕ್ಕೂ ನಡುವೆ ಕಿರಿದಾದ ಒಂದು ಕಂಡಿ. ಕಡಲು ಇಳಿಯುವಾಗ ಕೊಲ್ಲಿಯ ನೀರೆಲ್ಲ ಆ ಕಂಡಿಯಿಂದಲೇ ಹೊರಕ್ಕೆ ಓಡುತ್ತದೆ. ಸಿಕ್ಕಿದ್ದನ್ನು ಜೊತೆಗೆ ಒಯ್ಯುತ್ತದೆ. ಇಳಿತ ಮುಗಿದು ನೀರು ನಿಂತ ಅರೆಗಳಿಗೆಯಲ್ಲಿ ಮಾತ್ರ ಅಲ್ಲಿ ಮುಳುಗಬಹುದು. ನೀರು ನಿಲ್ಲುವ ಸಮಯ ಅಚ್ಚು ಹಾಕಿದ ಇಳಿತದ ಪಟ್ಟಿಯಲ್ಲಿರುತ್ತದೆ. ಪಟ್ಟಿಯವರು ವರ್ಷವಿಡೀ ಚಳಿಗಾಲದ ಗಡಿಯಾರವನ್ನೇ ಹಿಡಿದಿರುತ್ತಾರೆ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಪಟ್ಟಿಯ ಸಮಯಕ್ಕೆ ಒಂದು ಗಂಟೆ ಕೂಡಿಸಬೇಕು. ಇಪ್ಪತ್ತೆರಡು ವರ್ಷ ಕೂಡಿಸಿದವನು ನಾನು. ಕೆಳಗೆ ಹೋಗಿ ಏನಿದೆ ಎಂದು ಹುಡುಕುವುದು ಫಿಂಟನ್‌ನ ಕೆಲಸ, ಗಡಿಯಾರ ನನ್ನದು.

ನಿನ್ನೆ ಬೆಳಿಗ್ಗೆ ಕಾರಿನ ಕಿಟಕಿ ಇಳಿಸಿಕೊಂಡು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಫಿಂಟನ್ ಬಾಗಿಲ ಮೇಲೆ ಬರೆದ: ಫಿಂಟನ್ – ಸೆನನ್, ಕಂಡಿ, ಹತ್ತೂ ಹತ್ತು. ಆಗ ಗಂಟೆ ಹತ್ತಾಗಿತ್ತು. ಹತ್ತೂ ಹತ್ತು ಪಟ್ಟಿಯ ಸಮಯ. ನೀರು ನಿಲ್ಲುವುದು ಹನ್ನೊಂದೂ ಹತ್ತಕ್ಕೆ. ದೊಡ್ಡ ಇಳಿತದ ದಿನ, ಕಂಡಿ ಇನ್ನೂ ಓಡುತ್ತಿತ್ತು.

ಬರೆದು ಮುಗಿಸಿ ಫಿಂಟನ್ ತಿರುಗಿ ನನ್ನ ಕಡೆ ನೋಡಿದ. ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. ಹೊಸ ಜೋಡಿಯನ್ನು ಮೆರೆಸುತ್ತಿದ್ದಾನೆ ಎನಿಸಿತು. ಪಕ್ಕದಲ್ಲಿ ದನದ ಡಾಕ್ಟರೂ ನಿಂತಿದ್ದ. ನಾನು ಬಾಗಿಲು ನೋಡಿದೆ, ಸಮಯ ಓದಿದೆ, ಕಿಟಕಿ ಏರಿಸಿದೆ.

ಒಂದೇ ಒಂದು ಮಾತು ಸಾಕಿತ್ತು. ದನದ ಡಾಕ್ಟರ ಫೋನಿನಲ್ಲಿ ಎಲ್ಲ ಇರುತ್ತದಲ್ಲ, ನೋಡಿಕೊಳ್ಳಲಿ ಅಂದುಕೊಂಡೆ. ನೀರು ನಾಲ್ಕು ಏಟು ಹಾಕಲಿ, ಮುಖ ಬಾಡಿಸಿಕೊಂಡು ವಾಪಸು ಬರುತ್ತಾರೆ, ಆಗ ಹೇಳುತ್ತೇನೆ ಅಂದುಕೊಂಡೆ. ಹೇಗೆ ಹೇಳಬೇಕು ಎಂದು ಮಾತನ್ನೂ ಜೋಡಿಸಿಟ್ಟುಕೊಂಡೆ. ಅವರಿಬ್ಬರ ತಲೆ ಮುಳುಗಿತು. ಇನ್ನೊಂದು ತುತ್ತು ಕಚ್ಚಿದೆ. ಕಂಡಿಯ ಕಡೆ ನೋಡಿದರೆ ನೀರಿನ ಮೇಲೆ ಪಾಚಿಯ ತುಂಡು ಓಡುತ್ತಾ ಹೋಯಿತು.

ಮಾಸ್ಕು, ಸ್ನಾರ್ಕೆಲ್ ಹಿಡಿದು ಕಾರಿನಿಂದ ಇಳಿದು ದಡದಲ್ಲಿ ಕೂತಿದ್ದ ಮುದುಕ ಮ್ಯಾಲಕಿಗೆ ಹೇಳಿದೆ, "ಮೂರು ತಲೆ ಕಾಣಿಸ್ದೇ ಹೋದ್ರೆ ರಕ್ಷಣಾ ದೋಣಿಗೆ ಫೋನ್ ಮಾಡು."

"ಹೋದೋರು ಇಬ್ರಲ್ವಾ?"

"ಈಗ ಮೂರು."

ನೀರಿಗೆ ಬಿದ್ದವನಿಗೆ ಅವರ ಗುಳ್ಳೆ ಕಂಡಿತು. ನೇರ ಏಳುತ್ತಿರಲಿಲ್ಲ, ಓರೆಯಾಗಿ ಓಡುತ್ತಿತ್ತು. ಈಜುವ ಕೆಲಸವೇ ಇರಲಿಲ್ಲ, ನೀರೇ ನನ್ನನ್ನು ಕಂಡಿ ದಾಟಿಸಿ ಆಚೆಗೆ ಎಸೆಯಿತು. ಅವರಿಬ್ಬರೂ ಹೊರಗಡಲಿನಲ್ಲಿ ಮೇಲೆ ಬಂದಿದ್ದರು. ಫಿಂಟನ್ ಬಂಡೆಗೆ ಬಡಿದುಕೊಂಡು ಪಕ್ಕೆ ಹಿಡಿದುಕೊಂಡಿದ್ದ, ಮುಖ ಬೀಟ್‌ರೂಟಾಗಿತ್ತು, ಬಾಯಿಂದ ಗಾಳಿಯ ಕೊಳವೆ ಬಿದ್ದುಹೋಗಿತ್ತು. ಆದರೂ ದಡದ ಕಡೆಗೆ ಕಾಲು ಬಡಿಯುತ್ತಲೇ ಇದ್ದ. ದನದ ಡಾಕ್ಟರು ಹಿಂದಿನಿಂದ ಅವನ ಸಿಲಿಂಡರಿನ ಪಟ್ಟಿ ಹಿಡಿದು, ಅವನ ಮುಖ ನೀರಿನ ಮೇಲಿರುವ ಹಾಗೆ ಎತ್ತಿಕೊಂಡು ತಾನೂ ಈಜುತ್ತಿದ್ದ. ಇಬ್ಬರೂ ಈಜುತ್ತಾ ಈಜುತ್ತಾ ಹಿಂದಕ್ಕೇ ಹೋಗುತ್ತಿದ್ದರು.

"ಈಜ್ಬೇಡಿ," ಎಂದು ಕೂಗಿದೆ. "ಅಡ್ಡ ಬನ್ನಿ. ಹಂದಿಬಂಡೆ ಬೆನ್ನಿಗೆ ಬನ್ನಿ."

ಬಂಡೆಯ ಬೆನ್ನಿಗೆ ನೀರಿನ ಓಟ ತಾಗುವುದಿಲ್ಲ. ನಾನು ಮೊದಲು ಹೋಗಿ ಎರಡು ಪಾಚಿಬಳ್ಳಿಯನ್ನು ಕೈಗೆ ಸುತ್ತಿಕೊಂಡು ಕಾಲು ಚಾಚಿದೆ. ದನದ ಡಾಕ್ಟರು ನನ್ನ ಕಣಕಾಲು ಹಿಡಿದ. ಇನ್ನೊಂದು ಕೈಯಲ್ಲಿದ್ದ ಫಿಂಟನ್‌ನನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಮೂವರೂ ಒಬ್ಬೊಬ್ಬರು ಒಂದೊಂದು ಬಳ್ಳಿ ಹಿಡಿದು ನೇತಾಡಿದೆವು.

"ನೀರು ನಿಂತಿರಬೇಕಿತ್ತಲ್ಲ," ಎಂದ ಫಿಂಟನ್, ಹಲ್ಲು ಕಟಕಟಿಸುತ್ತಾ.

"ನಿಲ್ಲುತ್ತೆ. ಇನ್ನು ಸ್ವಲ್ಪ ಹೊತ್ತಿಗೆ."

"ಪಟ್ಟೀಲಿ..."

"ಫಿಂಟನ್, ಮಾತಾಡ್ಬೇಡಿ," ಎಂದ ದನದ ಡಾಕ್ಟರು. "ಉಸಿರು ಉಳಿಸ್ಕೊಳ್ಳಿ."

ಫಿಂಟನ್ ಬಾಯಿ ಮುಚ್ಚಿದ. ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಅವನು ಒಮ್ಮೆಯೂ ಬಾಯಿ ಮುಚ್ಚಿದವನಲ್ಲ.

ಹನ್ನೊಂದು ದಾಟಿದ ಮೇಲೆ ಪಾಚಿ ನೇರ ನಿಂತಿತು. ಬಂದ ಕಂಡಿಯಲ್ಲೇ ಸುಮ್ಮನೆ ಕೈ ಆಡಿಸಿಕೊಂಡು ವಾಪಸು ಬಂದೆವು. ಮ್ಯಾಲಕಿ ಫೋನು ಹಿಡಿದು ನಿಂತಿದ್ದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಫಿಂಟನ್ ಒದ್ದೆ ತೋಳಿನಿಂದ ಹೆಸರುಗಳನ್ನು ಒರೆಸಿದ. ಸಮಯವನ್ನು ನಾನು ಒರೆಸಿದೆ.

"ನೀನು ಅಲ್ಲಿಗೆ ಹೆಂಗೆ ಬಂದೆ?" ಎಂದು ಕೇಳಿದ.

"ಹಿಂದೆ ಬಂದೆ. ಯಾವಾಗಿನ ಹಾಗೆ."

ಜೂನ್ 19

ಸಂಜೆ ದನದ ಡಾಕ್ಟರು ಬಂದಿದ್ದ. ಪೆಗ್ ನೋಡಲು ಎಂದ. ಪೆಗ್ ಚೆನ್ನಾಗಿಯೇ ಇತ್ತು. ಅಸಂಪ್ಟಾ ಕೇಕ್ ತರಲು ಒಳಗೆ ಹೋದಾಗ ತಗ್ಗಿದ ದನಿಯಲ್ಲಿ ಹೇಳಿದ:

"ನೀವು ಬಾಗಿಲ ಕಡೆ ನೋಡಿದ್ದನ್ನ ನಾನು ನೋಡ್ದೆ."

ಅಂದರೆ ಬಂಡೆಯ ಬೆನ್ನಿನಲ್ಲಿ ನನ್ನ ಕಾಲು ಹಿಡಿದಾಗಲೇ ಇವನಿಗೆ ಗೊತ್ತಿತ್ತು.

"ಫಿಂಟನ್‌ಗೆ ಹೇಳಿಲ್ಲ. ಹೇಳೋದೂ ಇಲ್ಲ. ಫೋನ್ ನೋಡ್ಬೇಕಾಗಿತ್ತು, ನಾನೂ ನೋಡ್ಲಿಲ್ಲ. ಅವರು ಇಷ್ಟು ವರ್ಷದೋರು, ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಅವನಿಗೆ ಗೊತ್ತಿಲ್ಲ. ನಂಗೆ ಗೊತ್ತು."

"ಹಾಗಿದ್ರೆ ನಂಗೆ ಕಲಿಸಿ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ನಾಳೆ ಬಾ ಎಂದೆ.

ಜುಲೈ 7, ಭಾನುವಾರ

ಫಿಂಟನ್‌ಗೆ ಪಕ್ಕೆಯ ಎಲುಬು ಬಿರುಕು ಬಿಟ್ಟಿದೆ, ಇನ್ನೂ ಇಳಿಯುವಂತಿಲ್ಲ. ಜೋಡಿ ಇಲ್ಲದೆ ಡಾಕ್ಟರೂ ಮುಳುಗುವಂತಿಲ್ಲ. ನಿಮ್ಮ ಜೊತೆ ಮೇಲೇ ತೇಲ್ತೀನಿ ಎಂದ. ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಅವನು ಬಾಗಿಲಿಗೆ ಹೋಗಿ ಬರೆದ: ಕೋಲ್ಮನ್ – ಸೆನನ್. ತೇಲುವವರ ಹೆಸರು ಬರೆಯೋದಿಲ್ಲ ಕಣಪ್ಪ ಎಂದೆ. "ಮುಳುಗೋ ಸಾಧ್ಯತೆ ತೇಲುವೋರಿಗೂ ಇದೆಯಲ್ಲ," ಎಂದ. ಮ್ಯಾಲಕಿ ಬಾಗಿಲು ನೋಡಿ ಕೆಮ್ಮಿದ. ಅಳಿಸಲಿಲ್ಲ.

ಸಮಯ ಬರೆಯುವ ಮುಂಚೆ ನನ್ನ ಕಡೆ ತಿರುಗಿ, "ಒಂದು ಗಂಟೆ ಕೂಡಿಸಿದೀನಿ, ಸರಿನಾ?" ಎಂದು ಕೇಳಿದ. ಸರಿ ಎಂದೆ.

ಜುಲೈ 21

ಬೆಳಿಗ್ಗೆ ಆರಕ್ಕೇ ಹೋದೆವು. ಗಾಳಿ ಇಲ್ಲ. ಮುಳುಗುವವರಿಗೆ ಬಂಡೆಯ ಮೈ ಕಾಣುತ್ತದೆ, ಬಂಡೆಸಾಲು ಹೇಗೆ ಹರಡಿದೆ ಎಂಬುದು ಕಾಣುವುದಿಲ್ಲ. ಸೆನನ್‌ಗೆ ಅದನ್ನೇ ತೋರಿಸಿದೆ: ಪಾಚಿ ಎತ್ತ ಬಾಗಿದೆ, ಎಲ್ಲಿ ನಿಂತಿದೆ, ಹಸಿರು ಮೀನು ಯಾವ ಓಣಿಯಿಂದ ಬಂದು ಯಾವ ಓಣಿಗೆ ಹೋಗುತ್ತದೆ. ಅವನು ಬಾಯಿ ತೆರೆದು ನಕ್ಕು ನೀರು ಕುಡಿದ. ದಡಕ್ಕೆ ಬಂದು ಅವನು ತಂದಿದ್ದ ಕಾರೆಟ್ ಕೇಕ್ ತಿಂದೆವು. ಒಣದ್ರಾಕ್ಷಿ ಹೆಚ್ಚಾಗಿತ್ತು, ಹೇಳಿದೆ. ಮುಂದಿನ ಸಲ ಕಡಿಮೆ ಹಾಕುತ್ತಾನಂತೆ.

ಸಾಸೇಜ್ ತರಲು ಹೋದಾಗ ಫಿಂಟನ್ ಹೆಚ್ಚು ಮಾತಾಡಲಿಲ್ಲ. ಪಕ್ಕೆ ನೋವಿರಬೇಕು.

ಆಗಸ್ಟ್ 4

ಫಿಂಟನ್ ಪಕ್ಕೆ ವಾಸಿಯಾಗಿ ಇಳಿದಿದ್ದಾನೆ. ಸೆನನ್ ಅವನ ಜೊತೆ ಒಮ್ಮೆ ಮುಳುಗಿ ಬಂದು, ಆಮೇಲೆ ನನ್ನ ಜೊತೆ ತೇಲಲು ಬಂದ. ಫಿಂಟನ್ ದಡದಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, ಮತ್ತೆ ತೆಗೆಯುತ್ತಾ ಇದ್ದ. ಬಾರೋ ನೀನೂ ಎಂದು ಕರೆದೆ. "ಮಕ್ಕಳಾಟ ನಂಗೆ ಬೇಡ," ಎಂದ. ಬೇಡವಾದರೆ ಬಿಡಲಿ.

ಆಗಸ್ಟ್ 11, ಭಾನುವಾರ

ಚರ್ಚಿನಿಂದ ಬರುವಾಗ ಫಿಂಟನ್‌ನ ಹೆಂಡತಿ ಡಿಂಪ್ನಾ ಅಸಂಪ್ಟಾಳನ್ನು ಹಿಡಿದು ನಿಲ್ಲಿಸಿದಳಂತೆ. ಅವನು ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಬೆಳಿಗ್ಗೆ ಆರಕ್ಕೆ ಎದ್ದು ಮಹಡಿಯ ಕಿಟಕಿಯಿಂದ ಕೊಲ್ಲಿಯ ಕಡೆ ನೋಡುತ್ತಾನಂತೆ. ಎರಡು ಕೊಳವೆ ಕಂಡರೆ ಪರದೆ ಎಳೆಯುತ್ತಾನಂತೆ.

"ಯಾಕಂತೆ?" ಎಂದೆ.

ಅಸಂಪ್ಟಾ ನನ್ನ ಕಡೆ ತಿರುಗಿದಳು. "ನಿಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಪಕ್ಕೆ ಇನ್ನೂ ನೋಯ್ತಿರ್ಬೇಕು."

"ಪಕ್ಕೆ ಅಲ್ಲ ಮಾರಾಯ. ಹೊಟ್ಟೆ."

ಅರವತ್ತು ದಾಟಿದ ಗಂಡಸು ಜೊತೆಗಾರನ ವಿಷಯಕ್ಕೆ ಹೀಗಾ ಮಾಡುವುದು. ನಾವೇನು ಅವನನ್ನು ಬರಬೇಡ ಎಂದಿದ್ದೇವಾ? ಸೆನನ್‌ಗೆ ಹೇಳಿದರೆ ನಗುತ್ತಾನೆ. ಹೇಳುವುದಿಲ್ಲ.

ಆಗಸ್ಟ್ 24, ಶನಿವಾರ

ಮಧ್ಯಾಹ್ನ ಅಂಗಡಿಗೆ ಹೋದೆ. ಸಾಲು ಬಾಗಿಲವರೆಗೂ ಇತ್ತು. ನನ್ನ ಸರದಿ ಬಂದಾಗ ಫಿಂಟನ್ ತಲೆಯೆತ್ತದೆ ಕೇಳಿದ, "ಎಷ್ಟು? ಇಬ್ಬರಿಗಾ, ಮೂವರಿಗಾ?"

"ಮನೆಗೆ ಕಣೋ. ನಂಗೆ, ಅಸಂಪ್ಟಾಗೆ."

"ನಂಗೇನು ಗೊತ್ತು. ಈಗೀಗ ನಿನ್ನ ಜೊತೆ ಯಾರ್ಯಾರು ಊಟಕ್ಕೆ ಕೂರ್ತಾರೋ."

ಮಕ್ಕಳ ಹಾಗೆ ಆಡಬೇಡ ಎಂದೆ. ನಿನ್ನನ್ನೂ ಬಾ ಎಂದು ಕರೆದಿದ್ದೆನಲ್ಲ, ನೀನೇ ಬರಲಿಲ್ಲ ಎಂದೆ. ಇಷ್ಟಕ್ಕೂ ಸೆನನ್‌ನನ್ನು ಮೊದಲು ಜೋಡಿ ಮಾಡಿಕೊಂಡವನು ನೀನು, ಅವನು ಈಗ ಸಮಯ ನೋಡೋದು ಕಲಿತಿದ್ದಾನೆ, ನಿನ್ನ ಹಾಗೆ ಕಣ್ಣುಮುಚ್ಚಿಕೊಂಡು ಪಟ್ಟಿ ನಕಲು ಮಾಡೋದಿಲ್ಲ ಎಂದೂ ಅಂದೆ. ಅದನ್ನು ಅನ್ನಬಾರದಿತ್ತು.

ಫಿಂಟನ್ ಕತ್ತಿ ಕೆಳಗಿಟ್ಟು ಏಪ್ರನ್ನಿಗೆ ಕೈ ಒರೆಸಿಕೊಂಡ.

"ಕಣ್ಣುಮುಚ್ಕೊಂಡು ಅಲ್ಲ," ಎಂದ. "ಪಟ್ಟಿ ಸಮಯಕ್ಕೆ ಏನೋ ಕೂಡಿಸ್ಬೇಕು, ಇಲ್ಲಾ ಕಳೀಬೇಕು ಅಂತ ನಂಗೂ ಗೊತ್ತಿತ್ತು. ಯಾವ್ದು ಅಂತ ಗೊತ್ತಿರ್ಲಿಲ್ಲ. ಅದಕ್ಕೇ ಪಟ್ಟೀಲಿದ್ದದ್ದು ಬರೆದು ನಿನ್ನ ಕಡೆ ತಿರುಗಿ ನೋಡ್ದೆ. ತಪ್ಪಿದ್ರೆ ನೀನು ಕೂಗ್ತೀಯ. ಇಪ್ಪತ್ತೆರಡು ವರ್ಷ ಕೂಗಿದೀಯ. ನೀನು ಬಾಗಿಲು ನೋಡ್ದೆ, ಕಿಟಕಿ ಏರಿಸ್ದೆ. ಸರಿ ಇದೆ ಅಂದ್ಕೊಂಡು ಇಳ್ದೆ."

ನನ್ನ ಹಿಂದೆ ಯಾರೋ ಚೀಲ ಕೆಳಗಿಟ್ಟ ಸದ್ದಾಯಿತು. ಅವನು ಸೆನನ್‌ನನ್ನು ಮೆರೆಸಲು ನೋಡಿದ್ದಲ್ಲ. ಹೊಸ ಜೋಡಿಯ ಪಕ್ಕದಲ್ಲಿ ನಿಂತು ನನ್ನ ಒಪ್ಪಿಗೆ ಕೇಳಿದ್ದ. ನಾನು ಕಿಟಕಿ ಏರಿಸಿ ಹೋಗು ಎಂದಿದ್ದೆ.

"ತಪ್ಪು ಅಂತ ನಂಗೆ ಗೊತ್ತಿತ್ತು ಕಣೋ," ಎಂದೆ. ಜನರ ಮುಂದೆಯೇ ಹೇಳಿದೆ, ಇಲ್ಲದಿದ್ದರೆ ಇನ್ನು ಹೇಳುತ್ತಿರಲಿಲ್ಲ. "ಓದ್ದೆ. ಗೊತ್ತಾಯ್ತು. ಸುಮ್ನೆ ಕೂತೆ."

"ಗೊತ್ತು."

"ಸೆನನ್ ಹೇಳಿದ್ನಾ?"

"ಅವ್ನು ಯಾಕೆ ಹೇಳ್ಬೇಕು? ಪಾಚಿ ಹಿಡ್ಕೊಂಡು ನೇತಾಡ್ತಿದ್ದಾಗ ನೀನು ನನ್ನ ಮುಖ ನೋಡ್ಲೇ ಇಲ್ಲ. ಆಗ್ಲೇ ಗೊತ್ತಾಯ್ತು."

ಎರಡು ತಿಂಗಳಿಂದ ಗೊತ್ತಿದ್ದೂ ನನಗೆ ಸಾಸೇಜ್ ಕಟ್ಟಿಕೊಟ್ಟಿದ್ದ. ಅವನು ಪೊಟ್ಟಣ ಸುತ್ತಿ ದಾರ ಕಟ್ಟಿ ನನ್ನ ಮುಂದೆ ತಳ್ಳಿದ. ಆಮೇಲೆ ತಕ್ಕಡಿಯ ಪಕ್ಕ ತೂಗುಹಾಕಿದ್ದ ಇಳಿತದ ಪಟ್ಟಿಗೆ ಬೆನ್ನು ಮಾಡಿ ನಿಂತು ಕೇಳಿದ:

"ನಾಳೆ ಎಷ್ಟಕ್ಕೆ?"

ಪಟ್ಟಿಯಲ್ಲಿ ಒಂಬತ್ತೂ ಇಪ್ಪತ್ತು ಎಂದಿತ್ತು.

"ಹತ್ತೂ ಇಪ್ಪತ್ತು," ಎಂದೆ. ದನಿ ಸರಿಯಾಗಿ ಏಳಲಿಲ್ಲ.

"ಕೇಳಿಸ್ಲಿಲ್ಲ," ಎಂದ ಫಿಂಟನ್.

ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗಿ ಹೇಳಿದೆ.